ಗೆದ್ದವನು ನಮ್ಮವನು!

ಗೆದ್ದವನು ನಮ್ಮವನು, ಸೋತವನು ಯಾರವನೋ! ಹೊರನಾಡಿನಲ್ಲಿ ಸಂಸಾರ ಹೂಡಿದ ನಾವು ಕನ್ನಡಿಗರು ಬಹುಕಾಲದಿಂದ ಇಟ್ಟುಕೊಂಡು ಬಂದಿರುವ ಲೆಕ್ಕದ ಪುಸ್ತಕ ಇದು. ಒಬ್ಬ ಆಟಗಾರ ಪದಕ ಗೆದ್ದ ದಿನ ಅವನ ಊರು ಯಾವುದು, ತಾಯಿಯ ತವರು ಯಾವುದು, ಮನೆಮಾತು ಯಾವುದು ಎಂದು ಕೆದಕಿ, ಎಲ್ಲಿಯಾದರೂ ಕನ್ನಡದ ಎಳೆ ಸಿಕ್ಕಿತೋ, ಅಂದೇ ಸಂಜೆ ಶಾಲು ತರಲು ಸೀತಾಬರ್ಡಿಗೆ ಹುಡುಗನನ್ನು ಓಡಿಸುತ್ತೇವೆ. ಪದಕ ಗೆಲ್ಲುವುದಕ್ಕೆ ಹಿಂದಿನ ದಿನ ಆ ಮನುಷ್ಯ ಎಲ್ಲಿದ್ದ, ಏನು ತಿಂದ, ಯಾರ ಮನೆಯ ಹಾಲು ಕುಡಿದ ಎಂಬುದು ನಮ್ಮ ಪುಸ್ತಕದಲ್ಲಿ ಬರುವುದಿಲ್ಲ.

ಈ ಮಾತನ್ನು ಈಗ ಎತ್ತಲು ಕಾರಣವಿದೆ. ನಮ್ಮ ಸಂಘದ ಹಿರಿಯರ ಹರಟೆಯಲ್ಲಿ ಮತ್ತೆ ಮತ್ತೆ ತಲೆ ಎತ್ತುವ ಒಂದು ವಾದ ಪೈಲ್ವಾನ್ ಶ್ರೀಪತಿ ಖಂಚನಾಳೆಯವರದು. ‘ಅಂವ ನಮ್ಮಾವಲ್ಲೇನ್ರೀ? ಚಿಕ್ಕೋಡಿ ತಾಲೂಕಿನಾಂವ! ಈ ಮಂದಿ ತಮ್ಮಾವ ಅಂತ ಹೇಳಿಕೋತಾರ!’ ಎಂದು ಒಬ್ಬರು ಆರಂಭಿಸಿದರೆ, ಚಹಾ ಆರಿದರೂ ಮಾತು ಆರುವುದಿಲ್ಲ. ಅದೇ ಹೊತ್ತಿಗೆ ಪಕ್ಕದ ಕೋಣೆಯಲ್ಲಿ ನಮ್ಮದೇ ಮನೆಗಳ ಹುಡುಗರು ಮೊಬೈಲು ಹಿಡಿದು ಬೇರೊಂದು ವಾದದಲ್ಲಿ ಮುಳುಗಿರುತ್ತಾರೆ. ಮಿಕ್ಸೆಡ್ ಮಾರ್ಷಲ್ ಆರ್ಟ್ಸ್ ಎಂಬ ಪಂಜರದ ಕಾಳಗದಲ್ಲಿ ಸರ್ವಶ್ರೇಷ್ಠನು ಯಾರು, ಯಾರು ಎಷ್ಟು ಸಲ ತನ್ನ ಪಟ್ಟ ಉಳಿಸಿಕೊಂಡ ಎಂಬ ವಾದ. ಹಿರಿಯರಿಗೆ ಹುಡುಗರ ಆಟ ಕಂಡರೆ ಹೇಸಿಗೆ. ಹುಡುಗರಿಗೆ ಹಿರಿಯರ ಖಂಚನಾಳೆ ಯಾರೆಂದೇ ತಿಳಿಯದು. ನನ್ನ ಮಟ್ಟಿಗೆ ಹೇಳುವುದಾದರೆ ಎರಡೂ ಕೋಣೆಗಳಲ್ಲಿ ನಡೆಯುತ್ತಿರುವುದು ಒಂದೇ ತಪ್ಪು ಲೆಕ್ಕ. ಅದನ್ನು ಬಿಚ್ಚಿ ತೋರಿಸುವುದಕ್ಕೇ ಈ ಲೇಖನ. ಕೆಲವರಿಗೆ ಕಹಿಯಾದೀತು, ಆಗಲಿ.

ಮೊದಲು ಖಂಚನಾಳೆಯವರ ಸಂಗತಿ. ಶ್ರೀಪತಿ ಖಂಚನಾಳೆ ಬೆಳಗಾವಿ ಜಿಲ್ಲೆ ಚಿಕ್ಕೋಡಿ ತಾಲೂಕಿನ ಯಕ್ಸಂಬಾದಲ್ಲಿ 1934ರಲ್ಲಿ ಹುಟ್ಟಿದರು. ಕುಸ್ತಿ ಕಲಿತದ್ದು, ಬೆಳೆದದ್ದು, ಬಾಳಿದ್ದು ಕೊಲ್ಹಾಪುರದಲ್ಲಿ. 1959ರಲ್ಲಿ ದಿಲ್ಲಿಯ ಕಣದಲ್ಲಿ ಪಂಜಾಬಿನ ಬಂತಾಸಿಂಗರನ್ನು ಸೋಲಿಸಿ ದೇಶದ ಮೊತ್ತಮೊದಲ ‘ಹಿಂದ್ ಕೇಸರಿ’ಯಾದರು. 2020ರ ಡಿಸೆಂಬರ್ 14ರಂದು ಕೊಲ್ಹಾಪುರದಲ್ಲೇ ತೀರಿಕೊಂಡರು. ಅವರ ನಂತರ ಆ ಬಿರುದು ಪಡೆದವರು ಅನೇಕರು. ಆದರೆ ಮೊದಲನೆಯವನು ಒಬ್ಬನೇ. ಹೀಗಾಗಿ ಅವರ ಹೆಸರಿಗೆ ಎರಡೂ ಕಡೆಯಿಂದ ಎಳೆದಾಟ.

ಈ ಎಳೆದಾಟಕ್ಕೆ ಇಳಿದವರು ಒಂದು ಸಣ್ಣ ಸಂಗತಿಯನ್ನು ನೆನಪಿಗೆ ತಂದುಕೊಂಡಂತಿಲ್ಲ. ಅವರು ಗದೆ ಹಿಡಿದ 1959ರಲ್ಲಿ ‘ಕರ್ನಾಟಕ’ ಎಂಬ ರಾಜ್ಯವೇ ಇರಲಿಲ್ಲ. ಇದ್ದದ್ದು ಮೈಸೂರು ರಾಜ್ಯ. 1973ರಲ್ಲಲ್ಲವೆ ನಮ್ಮ ನಾಡಿಗೆ ಈ ಹೆಸರು ಬಂದದ್ದು? ‘ಮಹಾರಾಷ್ಟ್ರ’ವೂ ಇರಲಿಲ್ಲ, ಅದು ಹುಟ್ಟಿದ್ದು 1960ರ ಮೇ 1ರಂದು. ಕೊಲ್ಹಾಪುರವೂ ನಾವು ಕೂತಿರುವ ಈ ನಾಗಪುರವೂ ಆಗ ದ್ವಿಭಾಷಾ ಮುಂಬಯಿ ರಾಜ್ಯದಲ್ಲಿದ್ದವು. ಯಕ್ಸಂಬಾ ಮುಂಬಯಿಯ ತೆಕ್ಕೆಯಿಂದ ಮೈಸೂರಿನ ತೆಕ್ಕೆಗೆ ಬಂದದ್ದು 1956ರ ನವೆಂಬರಿನಲ್ಲಿ. ಅಂದರೆ ಖಂಚನಾಳೆ ತಾಲೀಮಿನ ಮಣ್ಣಿಗೆ ಇಳಿದಾಗ ಅವರ ಊರು ಒಂದು ರಾಜ್ಯದಲ್ಲಿತ್ತು, ಗದೆ ಎತ್ತಿದಾಗ ಇನ್ನೊಂದರಲ್ಲಿತ್ತು. ಈ ನಡುವೆ ಅವರೇನು ದಿನಾ ಬೆಳಿಗ್ಗೆ ದಂಡ ಹೊಡೆಯುವ ಮುಂಚೆ ರಾಜ್ಯ ಪುನರ್ವಿಂಗಡಣೆಯ ವರದಿ ಓದುತ್ತಿದ್ದರೇ?

2022ರ ಡಿಸೆಂಬರನ್ನು ನೆನೆಯಿರಿ. ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ನಮ್ಮವರು ಗಡಿಯ ಬಗೆಗೆ ಒಂದು ಗೊತ್ತುವಳಿ ಮಾಡಿದರು. ನಾಲ್ಕಾರು ದಿನಗಳಲ್ಲೇ ಇಲ್ಲಿ, ನಾಗಪುರದ ಚಳಿಗಾಲದ ಅಧಿವೇಶನದಲ್ಲಿ, ಇವರು 865 ಹಳ್ಳಿಗಳ ಹೆಸರು ಹೇಳಿ ಇನ್ನೊಂದು ಗೊತ್ತುವಳಿ ಮಾಡಿದರು. ಆ ವಾರ ನಮ್ಮ ಮನೆಗಳಲ್ಲಿ ಹೆಂಗಸರು ತರಕಾರಿ ಮಾರುಕಟ್ಟೆಯಲ್ಲಿ ಕನ್ನಡ ಮಾತಾಡುವಾಗ ದನಿ ತಗ್ಗಿಸಿದ್ದನ್ನು ನಾನು ಬಲ್ಲೆ. ಗಡಿಯ ವಾದ ನಮಗೆ ಹರಟೆಯ ಮಾತಲ್ಲ ಎಂಬುದನ್ನು ಒಪ್ಪುತ್ತೇನೆ. ಭಾಷೆ, ಶಾಲೆ, ನ್ಯಾಯಾಲಯಗಳ ಪ್ರಶ್ನೆ ಬೇರೆ. ಅದನ್ನು ಬಲ್ಲವರು ಬಗೆಹರಿಸಲಿ. ಆದರೆ ಸತ್ತ ಪೈಲ್ವಾನನೊಬ್ಬನ ಗದೆಯನ್ನು ಆ ಜಗಳದಲ್ಲಿ ಸಾಕ್ಷಿಗೆ ನಿಲ್ಲಿಸುವುದು ನನಗೆ ಸಮ್ಮತವಲ್ಲ.

ಯಾಕೆಂದರೆ ಆ ಗದೆ ಸಾಕ್ಷಿ ನುಡಿದರೆ ನಮಗೇ ಮುಜುಗರ. ಯಕ್ಸಂಬಾದ ಹುಡುಗನಿಗೆ ಕೊಲ್ಹಾಪುರ ಯಾಕೆ ಬೇಕಾಯಿತು? ಒಂದು ಕಾರಣ ಭೂಗೋಳ. ಕೊಲ್ಹಾಪುರ ಎತ್ತಿನ ಗಾಡಿಯ ದಾರಿ, ಬೆಂಗಳೂರು ಐನೂರು ಕಿಲೋಮೀಟರಿಗೂ ಆಚೆ. ಇನ್ನೊಂದು ಕಾರಣ ಅದಕ್ಕಿಂತ ದೊಡ್ಡದು. ಕೊಲ್ಹಾಪುರದಲ್ಲಿ ಕುಸ್ತಿಗೊಂದು ಮನೆ ಇತ್ತು. ಶಾಹು ಮಹಾರಾಜರು ಪೇಟೆ ಪೇಟೆಗೆ ತಾಲೀಮು ನಡೆಯುವಂತೆ ನೋಡಿಕೊಂಡರು. 1912ರಲ್ಲಿ ಸಿದ್ಧವಾದ ಖಾಸಬಾಗ್ ಮೈದಾನದಲ್ಲಿ ಎಲ್ಲಿ ಕೂತವನಿಗೂ ನಡುವಿನ ಕೆಮ್ಮಣ್ಣು ಕಾಣುವಂತೆ ಸುತ್ತ ಇಳಿಜಾರು ಮಾಡಿಸಿದರು. ರಾಜರು ಹೋದ ಮೇಲೂ ಊರು ಆ ರೂಢಿಯನ್ನು ಬಿಡಲಿಲ್ಲ. ಖಾಶಾಬಾ ಜಾಧವರ ಕಥೆ ಕೇಳಿರಬೇಕು. ಸಾತಾರಾ ಕಡೆಯ ಗೋಳೇಶ್ವರದವರು, 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಸ್ವತಂತ್ರ ಭಾರತಕ್ಕೆ ಮೊದಲ ವೈಯಕ್ತಿಕ ಪದಕ, ಕಂಚು, ತಂದವರು. ಅವರನ್ನು ಅಲ್ಲಿಗೆ ಕಳಿಸಲು ಕೊಲ್ಹಾಪುರದ ರಾಜಾರಾಮ್ ಕಾಲೇಜಿನ ಪ್ರಿನ್ಸಿಪಾಲರು ತಮ್ಮ ಮನೆಯನ್ನೇ ಒತ್ತೆ ಇಟ್ಟು ಏಳು ಸಾವಿರ ರೂಪಾಯಿ ಎತ್ತಿಕೊಟ್ಟರೆಂದು ಆ ಊರಿನವರು ಇಂದಿಗೂ ಹೇಳುತ್ತಾರೆ. ಮನೆ ಒತ್ತೆ ಇಟ್ಟವನು ‘ಅವನು ನಮ್ಮವನು’ ಎಂದರೆ ನಾನು ಎದ್ದು ನಿಂತು ಕೈಮುಗಿಯುತ್ತೇನೆ. ಶಾಲು ಹೊದಿಸಿದವನು ಅಂದರೆ?

ಮೈಸೂರು ಸೀಮೆಯವರು ಇಲ್ಲಿ ಎದ್ದು, ‘ನಮ್ಮ ಒಡೆಯರು ಗರಡಿ ಸಾಕಲಿಲ್ಲವೆ?’ ಎಂದಾರು. ಸಾಕಿದರು, ಯಾರು ಇಲ್ಲವೆಂದರು? ಮೈಸೂರಿನ ಕೇರಿಕೇರಿಗಳ ಗರಡಿಮನೆಗಳೂ ದಸರೆಯ ನಾಡಕುಸ್ತಿಯೂ ಆ ಸಾಕಣೆಯ ಫಲವೇ. ಆದರೆ ಕೃಷ್ಣೆಯ ಸೀಮೆಯ ಹುಡುಗನಿಗೆ ಆ ಫಲ ಕೈಗೆ ಎಟುಕಲಿಲ್ಲ, ಅಷ್ಟೆ.

ಈಗ ಪಕ್ಕದ ಕೋಣೆಗೆ ಹೋಗೋಣ.

ಅಮೆರಿಕದ ಯು.ಎಫ್.ಸಿ. ಎಂಬ ಸಂಸ್ಥೆ 1993ರಲ್ಲಿ ಈ ಪಂಜರದ ಕಾಳಗಕ್ಕೆ ಚಾಲನೆ ಕೊಟ್ಟಿತು. ಎಂಟು ಮೂಲೆಯ ಬಲೆಬೇಲಿ, ಒಳಗೆ ಇಬ್ಬರು. ಮುಷ್ಟಿ, ಒದೆ, ಕುಸ್ತಿಯ ಪಟ್ಟು, ಕತ್ತಿನ ಹಿಡಿತ, ಎಲ್ಲವೂ ಸಲ್ಲುತ್ತದೆ. ಸಾಮಾನ್ಯ ಪಂದ್ಯಕ್ಕೆ ಐದೈದು ನಿಮಿಷದ ಮೂರು ಸುತ್ತು, ಪಟ್ಟದ ಪಂದ್ಯಕ್ಕೆ ಐದು. ಗೆದ್ದವನ ಸೊಂಟಕ್ಕೆ ಚಿನ್ನದ ಬಣ್ಣದ ಪಟ್ಟಿ. ಆಮೇಲೆ ಎದುರು ಬಂದವನನ್ನೆಲ್ಲ ಸೋಲಿಸಿ ಆ ಪಟ್ಟವನ್ನು ಉಳಿಸಿಕೊಳ್ಳಬೇಕು. ನಮ್ಮ ಹುಡುಗರು ಎಣಿಸುವುದು ಇದನ್ನೇ. ಆಂಡರ್ಸನ್ ಸಿಲ್ವಾ ಒಂದೇ ಸಮನೆ ಹತ್ತು ಸಲ, ಡಿಮೆಟ್ರಿಯಸ್ ಜಾನ್ಸನ್ ಹನ್ನೊಂದು ಸಲ! ಮಗ್ಗಿ ಬಾರದ ಹುಡುಗನಿಗೂ ಈ ಅಂಕಿಗಳು ಬಾಯಿಪಾಠ.

ಈ ಎಣಿಕೆಯಲ್ಲೇ ಮೋಸವಿದೆ. ಜಾನ್ ಜೋನ್ಸ್ ಎಂಬವನನ್ನು ನೋಡಿರಿ. 2011ರಲ್ಲಿ, 23ನೆಯ ವಯಸ್ಸಿಗೆ, ಆ ಸಂಸ್ಥೆಯ ಅತಿ ಕಿರಿಯ ಪಟ್ಟಾಧಿಕಾರಿಯಾದ. ಪಂಜರದೊಳಗೆ ಅವನನ್ನು ನ್ಯಾಯವಾಗಿ ಸೋಲಿಸಿದವರು ಯಾರೂ ಇಲ್ಲವೆನ್ನುತ್ತಾರೆ, ಅದು ನಿಜವೇ. 2015ರಲ್ಲಿ ರಸ್ತೆಯಲ್ಲಿ ಅಪಘಾತ ಮಾಡಿ ನಿಲ್ಲದೆ ಹೋದದ್ದಕ್ಕೆ ಪಟ್ಟ ಕಿತ್ತುಕೊಂಡರು. 2017ರಲ್ಲಿ ಗೆದ್ದ ಪಂದ್ಯವನ್ನು ನಿಷಿದ್ಧ ಮದ್ದು ಸಿಕ್ಕಿದ್ದರಿಂದ ರದ್ದು ಮಾಡಿದರು. ಅವೆರಡನ್ನೂ ಬದಿಗಿಡೋಣ. 2023ರ ಮಾರ್ಚಿನಲ್ಲಿ ಅವನು ಹೆವಿವೇಟ್ ಪಟ್ಟ ಗೆದ್ದ, ಆಮೇಲೆ ಗಾಯಗೊಂಡ. ಗಾಯ ಯಾರಿಗೂ ತಪ್ಪಿದ್ದಲ್ಲ. ಅದೇ ವರ್ಷ ನವೆಂಬರಿನಲ್ಲಿ ಇಂಗ್ಲೆಂಡಿನ ಟಾಮ್ ಆಸ್ಪಿನಾಲ್ ಹಂಗಾಮಿ ಪಟ್ಟ ಗೆದ್ದು, ‘ನಾನು ಸಿದ್ಧ’ ಎಂದು ನಿಂತ. ಜೋನ್ಸ್ 2024ರ ನವೆಂಬರಿನಲ್ಲಿ ಗಾಯ ವಾಸಿಯಾಗಿ ಬಂದ. ಆದರೆ ಎದುರು ನಿಲ್ಲಿಸಿದ್ದು ಯಾರನ್ನು? ಮೂರೂವರೆ ವರ್ಷದಿಂದ ಕಣಕ್ಕೇ ಇಳಿಯದಿದ್ದ, 42 ವರ್ಷದ ಸ್ಟೀಪೆ ಮಿಯೋಚಿಚನನ್ನು! ಅವನೂ ಒಂದು ಕಾಲದ ದೊಡ್ಡ ಪಟ್ಟಾಧಿಕಾರಿ, ಅನುಮಾನವಿಲ್ಲ. ಮೂರನೆಯ ಸುತ್ತಿನಲ್ಲಿ ಕೆಡವಿದ; ‘ಪಟ್ಟ ಉಳಿಸಿಕೊಂಡ’ ಎಂದು ಪುಸ್ತಕದಲ್ಲಿ ಬರೆದರು. ಆಸ್ಪಿನಾಲ್ ಕಾಯುತ್ತಲೇ ಇದ್ದ. ಅವನು ಆ ನಡುವೆ ಸುಮ್ಮನೆ ಕೂರದೆ 2024ರ ಜುಲೈಯಲ್ಲಿ ತನ್ನ ಹಂಗಾಮಿ ಪಟ್ಟವನ್ನೇ ಒಂದು ನಿಮಿಷದಲ್ಲಿ ಕಾಪಾಡಿಕೊಂಡಿದ್ದ. ಕೊನೆಗೆ 2025ರ ಜೂನಿನಲ್ಲಿ ಜೋನ್ಸ್ ನಿವೃತ್ತಿ ಸಾರಿದ. ಆಸ್ಪಿನಾಲನಿಗೆ ಪಟ್ಟ ತಾನಾಗಿಯೇ ಬಂತು.

ನಾನು ಹುಡುಗರನ್ನು ಕೇಳುವುದು ಇಷ್ಟೇ. ಎದುರಾಳಿಯನ್ನು ಪಟ್ಟದ ಮಾಲೀಕನೂ ಪಟ್ಟ ಕಟ್ಟಿಕೊಂಡವನೂ ಕೂಡಿ ಆರಿಸುವುದಾದರೆ, ‘ಎಷ್ಟು ಸಲ ಉಳಿಸಿಕೊಂಡ’ ಎಂಬ ಅಂಕಿಗೆ ಬೆಲೆ ಏನು? ಪರೀಕ್ಷೆಗೆ ಪ್ರಶ್ನೆಪತ್ರಿಕೆಯನ್ನು ತಾನೇ ಬರೆದುಕೊಂಡವನು ಹತ್ತು ಸಲ ಪಾಸಾದರೆ ಅವನಿಗೆ ರ್‍ಯಾಂಕು ಕೊಡುತ್ತೀರಾ?

ನಮ್ಮ ನಾಡಿನ ಕಥೆಯಲ್ಲಿ ಪಟ್ಟದ ಬಗೆಗೆ ಬೇರೆಯೇ ಒಂದು ಕಲ್ಪನೆ ಇತ್ತು. ರಣಧೀರ ಕಂಠೀರವ ನರಸರಾಜ ಒಡೆಯರು, 1638ರಿಂದ 1659ರವರೆಗೆ ಆಳಿದವರು, ಮಾರುವೇಷದಲ್ಲಿ ತಿರುಚಿನಾಪಳ್ಳಿಗೆ ಹೋದ ಕಥೆ ನಿಮಗೆಲ್ಲ ಗೊತ್ತು. 1960ರ ರಾಜಕುಮಾರರ ಚಿತ್ರ ನೋಡಿದವರಿಗಂತೂ ಹೇಳುವುದೇ ಬೇಡ. ಅಲ್ಲಿಯ ಜಟ್ಟಿ ತನ್ನ ಚಲ್ಲಣವನ್ನು ಊರಬಾಗಿಲಿಗೆ ಕಟ್ಟಿಸಿದ್ದನಂತೆ. ಬಂದವರೆಲ್ಲ ಅದರಡಿ ತಲೆ ತಗ್ಗಿಸಿ ನಡೆಯಬೇಕು, ಇಲ್ಲವೇ ಅವನೊಡನೆ ಸೆಣಸಬೇಕು. ಆ ಜಟ್ಟಿಯ ಗರ್ವವನ್ನು ಬಯ್ಯುವುದು ಕಥೆ ಹೇಳುವವರ ರೂಢಿ. ನನಗೆ ಮಾತ್ರ ಅವನ ಮೇಲೆ ಸ್ವಲ್ಪ ಗೌರವವೇ! ಅವನು ಎದುರಾಳಿಯನ್ನು ಆರಿಸಲಿಲ್ಲ. ಬಾಗಿಲು ದೊಡ್ಡದಾಗಿ ತೆರೆದಿಟ್ಟ, ಯಾರು ಬರುತ್ತಾರೋ ಬರಲಿ ಎಂದ. ಒಂದು ದಿನ ಮೈಸೂರಿನಿಂದ ಸಾಕ್ಷಾತ್ ಅರಸನೇ ಬಂದ, ಅದು ಅವನ ಹಣೆಬರಹ. ಕಥೆಯಲ್ಲಿ ಎಷ್ಟು ನಿಜ, ಎಷ್ಟು ಹೊಗಳಿಕೆ ಎಂಬುದು ಇತಿಹಾಸಕಾರರ ಕೆಲಸ. ಪಟ್ಟವೆಂದರೆ ಎಲ್ಲರಿಗೂ ತೆರೆದಿಟ್ಟ ಬಾಗಿಲು ಎಂಬ ತಿಳಿವಳಿಕೆ ನಮ್ಮ ಜನರಲ್ಲಿತ್ತು ಎಂಬುದಕ್ಕೆ ಕಥೆಯೇ ಸಾಕು.

ಕಥೆ ಬೇಡ, ನಡೆದ ಸಂಗತಿಯೇ ಬೇಕೆನ್ನುವವರಿಗೆ ಗಾಮಾ ಪೈಲ್ವಾನ್ ಇದ್ದಾರೆ. 1910ರಲ್ಲಿ ಲಂಡನ್ನಿಗೆ ಹೋದಾಗ ‘ಆಳು ಗಿಡ್ಡ’ ಎಂದು ಅವರನ್ನು ಪಂದ್ಯಕ್ಕೇ ಸೇರಿಸಿಕೊಳ್ಳಲಿಲ್ಲ. ಬಂದವರೆಲ್ಲ ಬನ್ನಿರಿ ಎಂದು ಅವರು ಬಹಿರಂಗ ಸವಾಲು ಹಾಕಿದರು. ಅಮೆರಿಕದ ಡಾಕ್ಟರ್ ರೋಲರನನ್ನು ಕೆಡವಿದ ಮೇಲೆ ಪೋಲೆಂಡಿನ ಸ್ಟಾನಿಸ್ಲಾಸ್ ಜ್ಬಿಸ್ಕೋ ಎದುರಾದ. ಸೆಪ್ಟೆಂಬರ್ 10ರಂದು ಎರಡೂವರೆ ಗಂಟೆಗೂ ಮಿಕ್ಕಿ ನಡೆದ ಆ ಕುಸ್ತಿಯಲ್ಲಿ ಜ್ಬಿಸ್ಕೋ ಬಹುಪಾಲು ಹೊತ್ತು ಹೊಟ್ಟೆಯ ಮೇಲೆ ಮಲಗಿ ನೆಲ ಕಚ್ಚಿಕೊಂಡಿದ್ದ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗಾದೆಯನ್ನು ಕೇಳಿದ್ದೇವೆ. ಇವನದು ಮೀಸೆ, ಮೂಗು, ಎದೆ ಎಲ್ಲ ಮಣ್ಣು, ಬೆನ್ನೊಂದು ಮಾತ್ರ ಅಲ್ಲ! ತೀರ್ಪಾಗಲಿಲ್ಲ. ವಾರ ಬಿಟ್ಟು 17ರಂದು ಮತ್ತೆ ಬರಬೇಕಿತ್ತು. ಜ್ಬಿಸ್ಕೋ ಬರಲೇ ಇಲ್ಲ. ಜಾನ್ ಬುಲ್ ಪಟ್ಟಿ ಗಾಮಾಗೆ ಬಂತು. ಇಲ್ಲಿಗೆ ಕಥೆ ಮುಗಿದಿದ್ದರೆ ಗಾಮಾ ಮನೆಗೆ ಹೋಗಿ ಪಟ್ಟಿಯನ್ನು ಗೋಡೆಗೆ ತೂಗು ಹಾಕಬಹುದಿತ್ತು. ಆದರೆ ಹದಿನೇಳು ವರ್ಷ ಕಳೆದು, 1928ರ ಜನವರಿಯಲ್ಲಿ, ಪಟಿಯಾಲಾದಲ್ಲಿ ಅದೇ ಜ್ಬಿಸ್ಕೋ ಮತ್ತೆ ಎದುರಾದಾಗ ಇಳಿದರು. ವಯಸ್ಸು ಐವತ್ತರ ಹತ್ತಿರ. ಒಂದು ನಿಮಿಷವೂ ಆಗಲಿಲ್ಲ, ಜ್ಬಿಸ್ಕೋ ಚಿತ್! ಹಳೆಯ ಬಾಕಿಯನ್ನು ಬಡ್ಡಿ ಸಮೇತ ತೀರಿಸುವುದೆಂದರೆ ಅದು. ಗಾಮಾ 1960ರಲ್ಲಿ ಲಾಹೋರಿನಲ್ಲಿ ತೀರಿಕೊಂಡರು. ಅಮೃತಸರದ ಕಡೆ ಹುಟ್ಟಿ, ಪಟಿಯಾಲಾದ ಅನ್ನ ಉಂಡು, ಲಾಹೋರಿನಲ್ಲಿ ಮಣ್ಣಾದ ಆ ಮನುಷ್ಯ ಯಾರವನು? ಇದಕ್ಕೂ ಒಂದು ಗೊತ್ತುವಳಿ ಮಾಡಬೇಕೆ?

ರಾಜರ ಕಾಲದ ಕುಸ್ತಿಯಲ್ಲಿ ಎಲ್ಲ ನ್ಯಾಯವಾಗಿಯೇ ನಡೆಯುತ್ತಿತ್ತು ಎಂದು ನಾನು ಹೇಳುತ್ತಿಲ್ಲ. ಜೋಡಿ ಕಟ್ಟುವಾಗ ಮಸಲತ್ತು ಅಲ್ಲಿಯೂ ಇತ್ತು. ದೊರೆಯ ಮೆಚ್ಚಿನ ಪೈಲ್ವಾನನ ಎದುರು ಯಾರನ್ನು ನಿಲ್ಲಿಸಬೇಕು, ಯಾರನ್ನು ನಿಲ್ಲಿಸಬಾರದು ಎಂಬುದು ದರ್ಬಾರಿನಲ್ಲೇ ತೀರ್ಮಾನವಾಗುತ್ತಿದ್ದುದುಂಟು. ಆದರೆ ಅದನ್ನು ಅಂಕಿ ಮಾಡಿ, ಅಂಕಿಯನ್ನೇ ಕೀರ್ತಿ ಎಂದು ಮಾರುವ ವ್ಯಾಪಾರ ಇರಲಿಲ್ಲ.

ಇನ್ನು ಹಿರಿಯರ ಸರದಿ. ‘ಇದೇನು ಆಟವೇ? ಕಟುಕರ ಕೆಲಸ! ನಮ್ಮ ಕುಸ್ತಿ ಎಲ್ಲಿ, ಈ ರಕ್ತಪಾತ ಎಲ್ಲಿ?’ ಎನ್ನುವವರಿಗೆ ವಿಜಯದಶಮಿಯ ದಿನದ ಮೈಸೂರು ಅರಮನೆಯ ಅಂಗಳವನ್ನು ನೆನಪಿಸುತ್ತೇನೆ. ಜಂಬೂಸವಾರಿಗೆ ಮುಂಚೆ ಅಲ್ಲಿ ನಡೆಯುವ ವಜ್ರಮುಷ್ಟಿ ಕಾಳಗ ನಮ್ಮದೇ ಅಲ್ಲವೆ? ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರದ ಜಟ್ಟಿ ಮನೆತನದವರು ತಲೆ ಬೋಳಿಸಿಕೊಂಡು, ಬೆರಳಿಗೆ ಮುಳ್ಳಿನ ಮುಷ್ಟಿ ತೊಟ್ಟು, ಎದುರಾಳಿಯ ತಲೆಗೆ ಗುದ್ದುತ್ತಾರೆ. ಅದನ್ನು ನಾವು ‘ಪರಂಪರೆ’ ಎಂದು ಕರೆದು ಮಕ್ಕಳಿಗೆ ತೋರಿಸುತ್ತೇವೆ. ಹಾಗಿದ್ದರೆ ಪಂಜರದವನು ಗುದ್ದಿದರೆ ಅದು ಮಾತ್ರ ಕಟುಕತನ ಹೇಗಾಯಿತು?

ವ್ಯತ್ಯಾಸವಿದೆ, ಆದರೆ ಅದು ನಮ್ಮದು, ಪರರದು ಎಂಬ ವ್ಯತ್ಯಾಸವಲ್ಲ. ವಜ್ರಮುಷ್ಟಿಯಲ್ಲಿ ಮೊದಲ ಹನಿ ರಕ್ತ ಕಂಡೊಡನೆ ಕಾಳಗ ನಿಂತುಹೋಗುತ್ತದೆ. ಎಷ್ಟೋ ಸಲ ನೋಡುವವರು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದಿರುತ್ತದೆ. ನಿಲ್ಲಿಸುವ ನಿಯಮವೇ ಆ ಆಟದ ಜೀವ. ಪಂಜರದ ಕಾಳಗದಲ್ಲಿ ನಿಲ್ಲಿಸುವ ಹೊಣೆ ತೀರ್ಪುಗಾರನ ಕಣ್ಣಿನ ಮೇಲಿದೆ, ಬದಿಯಲ್ಲಿ ಕೂತ ವೈದ್ಯನ ಮೇಲಿದೆ. ಅವರಿಬ್ಬರೂ ಸರಿಯಿದ್ದರೆ ಆಟ, ಇಲ್ಲವಾದರೆ ಅನಾಹುತ. 2022ರ ಜುಲೈಯಲ್ಲಿ ನಮ್ಮ ಬೆಂಗಳೂರಿನಲ್ಲೇ ಒಂದು ಕಿಕ್‌ಬಾಕ್ಸಿಂಗ್ ಪಂದ್ಯದಲ್ಲಿ ಪೆಟ್ಟು ತಿಂದು ಬಿದ್ದ ಮೈಸೂರಿನ ತರುಣನೊಬ್ಬ ಮತ್ತೆ ಏಳಲಿಲ್ಲ. ಎರಡು ದಿನಕ್ಕೆ ತೀರಿಕೊಂಡ. ಇಪ್ಪತ್ತು ದಾಟಿದ್ದ ಹುಡುಗ. ಸಂಘಟಕರ ಮೇಲೆ ಪೊಲೀಸರು ಮೊಕದ್ದಮೆ ಹೂಡಿದರು. ಆ ಸುದ್ದಿ ಓದಿದ ಮೇಲೂ ‘ಅದು ಅಮೆರಿಕದವರ ಆಟ, ನಮಗೇನು?’ ಎಂದು ಮುಖ ತಿರುಗಿಸುವ ತಂದೆಯನ್ನು ನಾನು ಕ್ಷಮಿಸಲಾರೆ. ಅವನ ಮಗ ಧರಂಪೇಠದ ಯಾವುದೋ ಮಾಳಿಗೆಯ ಮೇಲಿನ ಜಿಮ್ಮಿನಲ್ಲಿ ಸಂಜೆ ಎರಡು ತಾಸು ಏನು ಮಾಡುತ್ತಿದ್ದಾನೆಂದು ಅವನಿಗೆ ತಿಳಿದೇ ಇಲ್ಲ! ಬಯ್ದು ಬಿಟ್ಟಿದ್ದಾನೆ, ಅಷ್ಟಕ್ಕೆ ಕರ್ತವ್ಯ ಮುಗಿಯಿತು. ಹುಡುಗ ಬಯ್ಗುಳ ಕೇಳಿ ನಿಲ್ಲಲಿಲ್ಲ, ಗುಟ್ಟಾಗಿ ಹೋಗುತ್ತಾನೆ. ಗುಟ್ಟಾಗಿ ಹೋದವನಿಗೆ ತಲೆಗೆ ಪೆಟ್ಟು ಬಿದ್ದರೆ ಮನೆಯಲ್ಲಿ ಹೇಳುವನೇ?

ಕೇಳಬೇಕಾದದ್ದು ಬೇರೆ. ಕಲಿಸುವವನು ಯಾರು? ಅವನು ಎಲ್ಲಿ ಕಲಿತ? ಅರವತ್ತು ಕಿಲೋ ಹುಡುಗನನ್ನು ಎಂಬತ್ತು ಕಿಲೋದವನ ಎದುರು ನಿಲ್ಲಿಸುತ್ತಾನೆಯೆ? ತಲೆಗೆ ಪೆಟ್ಟು ಬಿದ್ದವನನ್ನು ಎಷ್ಟು ವಾರ ಕಣದಿಂದ ದೂರ ಇಡುತ್ತಾನೆ? ಪಂದ್ಯಕ್ಕೆ ವೈದ್ಯರಿದ್ದಾರೆಯೆ, ಆಂಬುಲೆನ್ಸ್ ಬಾಗಿಲಲ್ಲಿದೆಯೆ? ಇವು ಹೊಸ ಪ್ರಶ್ನೆಗಳೂ ಅಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಬರೆಸಿದ ಮಾನಸೋಲ್ಲಾಸದಲ್ಲಿ ಮಲ್ಲವಿನೋದಕ್ಕೆ ಒಂದು ಭಾಗವೇ ಇದೆ. ಜಟ್ಟಿಗಳನ್ನು ವಯಸ್ಸು, ಮೈಕಟ್ಟು, ಬಲಗಳನ್ನು ನೋಡಿ ದರ್ಜೆ ಮಾಡುವುದು, ಅವರ ಆಹಾರ, ಅವರ ಸಾಮು, ಎಲ್ಲವನ್ನೂ ಅಲ್ಲಿ ಹೇಳಿದೆ. ಒಂಬತ್ತು ನೂರು ವರ್ಷಗಳ ಹಿಂದೆ ಬಸವಕಲ್ಯಾಣದ ಅರಸನಿಗೆ ಹೊಳೆದದ್ದು ಇಂದು ನಾಗಪುರದಲ್ಲಿ ಕಾರು ಇಟ್ಟುಕೊಂಡಿರುವ ತಂದೆಗೆ ಹೊಳೆಯಬಾರದೆ?

ಹಾಗಾದರೆ ದೊಡ್ಡವನು ಯಾರು ಎಂದು ಹುಡುಗರು ನನ್ನನ್ನೇ ಕೇಳಿಯಾರು. ಪಂಜರದವರಲ್ಲಿ ನನ್ನ ಆಯ್ಕೆ ಖಬೀಬ್ ನುರ್ಮಗೊಮೆದೊವ್. ಪಟ್ಟ ಉಳಿಸಿಕೊಂಡದ್ದು ಮೂರೇ ಸಲ: 2018ರಲ್ಲಿ, 2019ರಲ್ಲಿ, 2020ರಲ್ಲಿ. ಸಿಲ್ವಾನ ಹತ್ತರ ಮುಂದೆ ಇದೇನು ಮಹಾ ಎಂದೀರಿ. 29 ಕುಸ್ತಿ, 29 ಗೆಲುವು, ಸೋಲು ಸೊನ್ನೆ ಎಂಬುದನ್ನೂ ನಾನು ಮುಂದೆ ಮಾಡುವುದಿಲ್ಲ. ಅವನ ತಂದೆ ಅಬ್ದುಲ್‌ಮನಾಪ್ ರಷ್ಯದ ದಾಗೆಸ್ತಾನದಲ್ಲಿ ಹಳ್ಳಿ ಹುಡುಗರನ್ನು ಕೂಡಿಹಾಕಿಕೊಂಡು ಕುಸ್ತಿ ಹೇಳಿಕೊಟ್ಟ ಉಸ್ತಾದ್. 2020ರ ಜುಲೈಯಲ್ಲಿ ತಂದೆ ತೀರಿಕೊಂಡರು. ಅಕ್ಟೋಬರಿನಲ್ಲಿ ಅಬುಧಾಬಿಯಲ್ಲಿ ಜಸ್ಟಿನ್ ಗೇಜಿಯನ್ನು ಎರಡನೆಯ ಸುತ್ತಿನಲ್ಲಿ ಸೋಲಿಸಿದ ಖಬೀಬ್, ತಂದೆ ಇಲ್ಲದೆ ಇನ್ನು ಕಾದುವುದಿಲ್ಲವೆಂದು ತಾಯಿಗೆ ಮಾತು ಕೊಟ್ಟಿದ್ದೇನೆ ಎಂದು ಹೇಳಿ ಕಣ ಬಿಟ್ಟ. ಆಮೇಲೆ ಕೋಟಿಗಟ್ಟಲೆ ಡಾಲರಿನ ಆಸೆ ತೋರಿಸಿದರೂ ತಿರುಗಿ ಬರಲಿಲ್ಲ. ನನಗೆ ಮುಖ್ಯವಾದದ್ದು ಅದಾದ ಮೇಲಿನದು. ಅದೇ ಗರಡಿಯಲ್ಲಿ ಜೊತೆಗೆ ಬೆಳೆದ ಇಸ್ಲಾಮ್ ಮಖಾಚೆವನಿಗೆ ಮೂಲೆಯಲ್ಲಿ ನಿಂತು ಪಟ್ಟು ಹೇಳಿದ. ಮಖಾಚೆವ್ 2022ರ ಅಕ್ಟೋಬರಿನಲ್ಲಿ ಅದೇ ಪಟ್ಟ ಗೆದ್ದು ನಾಲ್ಕು ಸಲ ಕಾಪಾಡಿಕೊಂಡ. ಖಬೀಬನ ಮೂರನ್ನು ಮೀರಿಸಿದ! ತನ್ನ ದಾಖಲೆಯನ್ನು ಮುರಿಯುವವನನ್ನು ತಾನೇ ತಯಾರು ಮಾಡಿದವನ ಎದುರು ಉಳಿದವರ ಅಂಕಿಗಳು ನನಗೆ ಸಪ್ಪೆ ಅನ್ನಿಸುತ್ತವೆ. ಗರಡಿಯೆಂದರೆ ಅದು. ಉಸ್ತಾದ್ ಸತ್ತರೂ ಮಣ್ಣು ಒಣಗುವುದಿಲ್ಲ.

ಈಗ ಎರಡೂ ಕೋಣೆಗಳ ಲೆಕ್ಕವನ್ನು ಪಕ್ಕಪಕ್ಕ ಇಟ್ಟು ನೋಡಿರಿ. ಕಠಿಣ ಎದುರಾಳಿಯಿಂದ ತಪ್ಪಿಸಿಕೊಂಡು ಅಂಕಿ ಏರಿಸಿಕೊಳ್ಳುವ ಪಟ್ಟಾಧಿಕಾರಿಗೂ, ಕಷ್ಟದ ಕೆಲಸದಿಂದ ತಪ್ಪಿಸಿಕೊಂಡು ‘ಖಂಚನಾಳೆ ನಮ್ಮವನು’ ಎನ್ನುವ ನಮಗೂ ಏನು ಅಂತರ? ನಾಗಪುರದಲ್ಲಿ ಕನ್ನಡದ ಪಟ್ಟ ಕಟ್ಟಿಕೊಂಡು ಕೂತಿದ್ದೇವೆ. ರೈಲ್ವೆ, ಕಲ್ಲಿದ್ದಲು, ಗಣಿ ಇಲಾಖೆ, ಬ್ಯಾಂಕು, ಹೋಟೆಲು ಎಂದು ಬಂದವರು ಎರಡನೆಯ ಮೂರನೆಯ ತಲೆಮಾರಿಗೆ ಬಂದಿದ್ದೇವೆ. ನಮ್ಮ ಎದುರು ನಿಂತಿರುವ ಎದುರಾಳಿ ಯಾರು? ನಮ್ಮ ಮಕ್ಕಳೇ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ-ಹಿಂದಿ, ಶಾಲೆಯಲ್ಲಿ ಇಂಗ್ಲಿಷ್ ಎಂದು ಬೆಳೆದ ಆ ಮಕ್ಕಳಿಗೆ ಸಂಘದಲ್ಲಿ ಏನಿದೆ? ರಾಜ್ಯೋತ್ಸವದ ದಿನ ಹಾಡಿಸುತ್ತೇವೆ, ಆಮೇಲೆ ಭಾಷಣ ಮುಗಿಯುವವರೆಗೆ ಸುಮ್ಮನೆ ಕೂರಿಸುತ್ತೇವೆ. ಆ ಎದುರಾಳಿಯೊಡನೆ ನಾವು ಕಣಕ್ಕೇ ಇಳಿದಿಲ್ಲ. ಬದಲಿಗೆ ಮುದಿ ಎದುರಾಳಿಗಳನ್ನು ಆರಿಸಿಕೊಂಡಿದ್ದೇವೆ: ಸನ್ಮಾನ, ಶಾಲು, ಪೇಟ, ನೆನಪಿನ ಕಾಣಿಕೆ. ಇವುಗಳ ಎದುರು ಪ್ರತಿ ವರ್ಷವೂ ಗೆಲ್ಲುತ್ತೇವೆ!

‘ಸಂಘ ಸಾಂಸ್ಕೃತಿಕ ಸಂಸ್ಥೆ, ಕುಸ್ತಿ ನಮ್ಮ ಕೆಲಸವಲ್ಲ’ ಎಂಬ ಉತ್ತರ ಬರುತ್ತದೆಂದು ಬಲ್ಲೆ. ನಾಟಕ ನಮ್ಮ ಕೆಲಸ, ಭಜನೆ ನಮ್ಮ ಕೆಲಸ, ದಸರೆಯ ಗೊಂಬೆ ನಮ್ಮ ಕೆಲಸ. ದಸರೆಯ ಕುಸ್ತಿ ಮಾತ್ರ ಅಲ್ಲವೆಂದು ಯಾರು ಬರೆದಿಟ್ಟರು? ಇಲ್ಲಿಂದ ನೂರೈವತ್ತು ಕಿಲೋಮೀಟರ್ ಆಚೆ ಅಮರಾವತಿಯಲ್ಲಿ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳಿ 1914ರಿಂದ ನಡೆಯುತ್ತಿದೆ. 1936ರಲ್ಲಿ ಬರ್ಲಿನ್ ಒಲಿಂಪಿಕ್ಸಿನ ಹೊತ್ತಿಗೆ ಅವರ ತಂಡ ಅಲ್ಲಿಗೆ ಹೋಗಿ ನಮ್ಮ ದೇಶೀ ಆಟಗಳನ್ನು ತೋರಿಸಿ ಬಂತು. ಅದನ್ನು ಕಟ್ಟಿದವರು ಯಾವ ಮಹಾರಾಜರೂ ಅಲ್ಲ, ಊರಿನ ಜನ. ನಮ್ಮಲ್ಲಿ ಎಷ್ಟು ಮಂದಿ ಮಕ್ಕಳನ್ನು ಕರೆದುಕೊಂಡು ಹೋಗಿ ಅದನ್ನೊಮ್ಮೆ ತೋರಿಸಿದ್ದೇವೆ? ಮಕ್ಕಳ ಪ್ರವಾಸವೆಂದರೆ ಪ್ರತಿ ಸಲವೂ ರಾಮಟೇಕ್, ಮಧ್ಯಾಹ್ನ ಪುಳಿಯೋಗರೆ, ಸಂಜೆ ಮನೆಗೆ.

ಇನ್ನೂ ಒಂದು ಆಕ್ಷೇಪಣೆ ಮಹಿಳಾ ವಿಭಾಗದಿಂದ ಬಂದೀತು: ಇದೆಲ್ಲ ಗಂಡುಹುಡುಗರ ಮಾತಾಯಿತು. ಆಗಲಿಲ್ಲ. 2016ರಲ್ಲಿ ರಿಯೋದಲ್ಲಿ ಸಾಕ್ಷಿ ಮಲಿಕ್ ಕುಸ್ತಿಯ ಕಂಚು ತಂದದ್ದನ್ನು ನೋಡಿದ್ದೇವೆ. ಯು.ಎಫ್.ಸಿ. ಪಂಜರದಲ್ಲಿ ಗೆದ್ದ ಮೊದಲ ಭಾರತೀಯ ಮಹಿಳೆ ಪೂಜಾ ತೋಮರ್, 2024ರ ಜೂನಿನಲ್ಲಿ. ಆಕೆ ಉತ್ತರ ಪ್ರದೇಶದ ಹಳ್ಳಿಯವಳು. ಅಲ್ಲಿಯ ಹಳ್ಳಿಯಲ್ಲಿ ಆದದ್ದು ನಮ್ಮ ನಾಗಪುರದ ಮನೆಗಳಲ್ಲಿ ಆಗದೆಂದರೆ ದೋಷ ಹೆಣ್ಣುಮಕ್ಕಳದಲ್ಲ.

ಹಣದ ಮಾತನ್ನು ಖಜಾಂಚಿಗಳಿಗೇ ಬಿಡುತ್ತೇನೆ. ಕಳೆದ ವರ್ಷ ಶಾಲು, ಹಾರ, ಪೇಟ, ಫಲಕ, ಅತಿಥಿಗಳ ಪ್ರಯಾಣ, ವೇದಿಕೆಯ ಹೂವು, ಇಷ್ಟಕ್ಕೆ ಹೋದ ಮೊತ್ತವನ್ನು ಒಂದು ಸಾಲಿನಲ್ಲಿ ಬರೆಯಲಿ. ಅದರ ಕೆಳಗೆ ಒಬ್ಬ ಬೆಳೆಯುವ ಹುಡುಗನ ಅಥವಾ ಹುಡುಗಿಯ ಒಂದು ವರ್ಷದ ಹಾಲು, ಬಾದಾಮಿ, ಮೊಟ್ಟೆ, ಅಖಾಡದ ಶುಲ್ಕ, ವೈದ್ಯರ ತಪಾಸಣೆ, ಇದನ್ನು ಬರೆಯಲಿ. ಎರಡನ್ನೂ ಮುಂದಿನ ಸಂಚಿಕೆಯಲ್ಲಿ ಅಚ್ಚು ಮಾಡಲಿ, ಓದುಗರು ನೋಡಲಿ.

ಕಾರ್ಯಕಾರಿ ಸಮಿತಿಗೆ ಎರಡು ಗೊತ್ತುವಳಿ ಬರೆದು ಕೊಟ್ಟಿದ್ದೇನೆ. ಒಂದು, ಸಂಘದ ಹಿಂಬದಿಯ ಅಂಗಳದಲ್ಲಿ ಮುರಿದ ಕುರ್ಚಿಗಳನ್ನು ಪೇರಿಸಿಟ್ಟಿರುವ ಜಾಗವನ್ನು ತೆರವು ಮಾಡಿ, ಕೆಮ್ಮಣ್ಣು ಹಾಕಿಸಿ, ವಾರಕ್ಕೆ ಮೂರು ಸಂಜೆ ಒಬ್ಬ ಉಸ್ತಾದರನ್ನು ಕರೆಸುವುದು. ಉಸ್ತಾದರು ಮರಾಠಿಯವರೇ ಆದರೂ ಸರಿ. ಖಂಚನಾಳೆಗೆ ಕಲಿಸಿದ ಊರೂ ಅದೇ ಅಲ್ಲವೆ? ಇನ್ನೊಂದು, ಸಂಘದ ಯಾವ ಮನೆಯ ಮಗು ಯಾವ ಜಿಮ್ಮಿನಲ್ಲಿ ಗುದ್ದಾಟ ಕಲಿಯುತ್ತಿದೆಯೋ ಅಲ್ಲಿಗೆ ನಮ್ಮಲ್ಲಿರುವ ವೈದ್ಯರ ಪೈಕಿ ಒಬ್ಬರು ಹೋಗಿ ಒಮ್ಮೆ ನೋಡಿ ಬರುವುದು. ಮೊದಲನೆಯದಕ್ಕೆ ಇಬ್ಬರು ಅನುಮೋದಕರು ಸಿಕ್ಕಿದ್ದಾರೆ. ಎರಡನೆಯದಕ್ಕೆ ಈವರೆಗೆ ಒಬ್ಬರೂ ಸಿಕ್ಕಿಲ್ಲ; ಸಭೆ ಈ ತಿಂಗಳ ಕೊನೆಯ ಭಾನುವಾರ.